ದೊಡ್ಡಮ್ಮನ ಪದ, ನವಿಲು ಬಣ್ಣದ ಇಂಕು

ನನ್ನ ಪೆನ್ನಿನ ಡಬ್ಬಿಯಲ್ಲಿ ಹದಿನಾರು ಇಂಕ್ ಪೆನ್ನುಗಳಿವೆ. ಅವುಗಳ ಪಕ್ಕದಲ್ಲಿ, ಗೊಬ್ಬರದಂಗಡಿಯ ಜಾಹೀರಾತು ಅಚ್ಚಾದ, ಕ್ಲಿಪ್ಪು ಮುರಿದ ಒಂದು ಬಾಲ್ ಪೆನ್ನೂ ಇದೆ. ನನ್ನನ್ನು ಬಲ್ಲವರು ಡಬ್ಬಿ ತೆಗೆದರೆ ಮೊದಲು ಕೇಳುವುದು ಅದರ ವಿಚಾರವನ್ನೇ. ಬಾಲ್ ಪೆನ್ನು ಎಂದರೆ ಮೂಗು ಮುರಿಯುತ್ತಿದ್ದವನು ನಾನು. ಯಾರಾದರೂ ಅದರಲ್ಲಿ ಬರೆಯುವುದು ಕಂಡರೆ, ಕೇಳಲಿ ಬಿಡಲಿ, ನಿಬ್ಬಿನ ಮಹಿಮೆಯ ಬಗ್ಗೆ ಕಾಲು ಗಂಟೆ ಕೊರೆಯುತ್ತಿದ್ದೆ.

ಪಾಂಡವಪುರದ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಇಂಥವು. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ಆಗುವುದರಿಂದ ಕೈಗೆ ಕೆಲಸ ಕಡಿಮೆ. ಆ ಕೈತುರಿಕೆಯನ್ನು ಮನೆಯಲ್ಲಿ ತೀರಿಸಿಕೊಳ್ಳುತ್ತೇನೆ. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಹಳೇ ಪುಸ್ತಕ ಮಾರುವವನ ಮುಂದೆ ಕುಕ್ಕರಗಾಲಲ್ಲಿ ಕೂತು ಆರಿಸಿ ತಂದ ಪುಸ್ತಕಗಳಿಂದ ಇಷ್ಟವಾದ ಪುಟಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತೇನೆ. ಎಲ್ಲಿ ಸಂಗೀತ ಕಛೇರಿ ಇದ್ದರೂ ಹೋಗಿ, ಹಾಡಿದ ರಾಗಗಳನ್ನೆಲ್ಲ ಅಂದೇ ಬರೆದಿಡುತ್ತೇನೆ. ಹಾಡಲು ಮಾತ್ರ ಬರುವುದಿಲ್ಲ. ನನ್ನದು ಕತ್ತೆ ಕಂಠ ಎಂದು ಸ್ಕೂಲಿನಲ್ಲೇ ತೀರ್ಮಾನವಾಗಿತ್ತು.

"ನಿಮ್ಗೆ ಒಂದು ಪುಸ್ತಕ, ಒಂದು ಪೆನ್ನು, ಒಂದು ಹಾಡು ಕೊಟ್ಬುಟ್ರೆ ಅನ್ನ ಹಾಕ್ದೇ ಇದ್ರೂ ನಡೀತದೆ" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು. ಹಾಗೆ ಹೇಳುತ್ತಲೇ ನನ್ನ ನಿಬ್ಬುಗಳನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಹಳೇ ಪಂಚೆಯ ಚೂರಿನಲ್ಲಿ ಒರೆಸಿಡುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು.

ಹೋದ ವರ್ಷ ಬೇಸಿಗೆಯಲ್ಲಿ ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಕೆ.ಆರ್. ಪೇಟೆಯ ಆಚೆ, ಹೇಮಗಿರಿಯ ಹತ್ತಿರದವರು. ಮದುವೆ ದೀಪಾವಳಿ ಕಳೆದ ಮೇಲೆ. ಮಗಳು ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. "ಅಪ್ಪ, ದೊಡ್ಡಜ್ಜಿ ಕೈಲಿ ಆ ಪದ ಹೇಳಿಸಬೇಕು" ಎಂದಳು.

ದೊಡ್ಡಜ್ಜಿ ಎಂದರೆ ನನ್ನ ದೊಡ್ಡಮ್ಮ, ನನ್ನ ಅಮ್ಮನ ಅಕ್ಕ. ನಾನು ಆರು ವರ್ಷದವನಿದ್ದಾಗ ಅಮ್ಮ ತೀರಿಕೊಂಡರು. ಕ್ಯಾತನಹಳ್ಳಿಯ ದೊಡ್ಡಮ್ಮನೇ ನನ್ನನ್ನೂ ನನ್ನ ಅಕ್ಕನನ್ನೂ ಕರೆದುಕೊಂಡು ಹೋಗಿ ಸಾಕಿದರು. ಅವರು ಒಂದಕ್ಷರ ಓದಿದವರಲ್ಲ. ಆದರೆ ಆ ಸುತ್ತಿನಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆ ಪದಕ್ಕೆ ಅವರೇ ಮುಂದಾಳು. ಅವರು ಒಂದು ಸಾಲು ಎತ್ತಿಕೊಟ್ಟರೆ ಉಳಿದ ಹೆಂಗಸರು ಸೊಲ್ಲು ಸೇರಿಸುವುದು. ಅರಿಶಿನ ಕುಟ್ಟುವುದಕ್ಕೊಂದು ಪದ, ಚಪ್ಪರಕ್ಕೊಂದು ಪದ, ಬೀಗರನ್ನು ಆಡಿಕೊಳ್ಳುವುದಕ್ಕೆ ಹತ್ತಾರು ಪದ.

ಮಗಳು ಕೇಳಿದ್ದು ಆ ಯಾವುದನ್ನೂ ಅಲ್ಲ. ತಬ್ಬಲಿ ಪದವನ್ನು. ತಾಯಿ ಇಲ್ಲದ ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವಾಗ ಮಾತ್ರ ಅದನ್ನು ಹೇಳುವುದು. ಹಾಗೆ ಎತ್ತಿಕೊಡುವವರೂ ತಮ್ಮ ಮದುವೆಗೆ ಮೊದಲೇ ತಾಯಿಯನ್ನು ಕಳೆದುಕೊಂಡವರಾಗಿರಬೇಕು. ತಾಯಿ ಬದುಕಿರುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ಅದನ್ನು ಗುನುಗುವಂತೆಯೂ ಇಲ್ಲ. ಇಷ್ಟೆಲ್ಲ ಕಟ್ಟಳೆ ಇದ್ದರೆ ಯಾರು ಕಲಿತಾರು? ದೊಡ್ಡಮ್ಮ ಅದನ್ನು ತಮ್ಮ ತವರು ಹೊಣಕೆರೆಯ ಕಡೆ ಒಬ್ಬ ಮುದುಕಿಯಿಂದ ಕಲಿತಿದ್ದರಂತೆ. ಅವರು ಅದನ್ನು ಮೊದಲು ಹೇಳಿದ್ದು ತಂಗಿಗೆ, ಅಂದರೆ ನನ್ನ ಅಮ್ಮನಿಗೆ. ಆಮೇಲೆ ಹೇಳಿದ್ದು ನನ್ನ ಅಕ್ಕನಿಗೆ. ಅಕ್ಕನ ಮದುವೆಯಲ್ಲಿ ಅದನ್ನು ಕೇಳಿ ನಾನು ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ ಅತ್ತಿದ್ದೆ.

ಮಗಳ ಆಸೆ ತಿಳಿಸಲು ಹೋದ ದಿನ ದೊಡ್ಡಮ್ಮನ ದನಿ ಒಡೆದಿತ್ತು. ನೆಗಡಿ ಇರಬೇಕು ಎಂದುಕೊಂಡೆ. ಹದಿನೈದು ದಿನ ಬಿಟ್ಟು ಮೈಸೂರಿನ ಆಸ್ಪತ್ರೆಯಲ್ಲಿ ಗಂಟಲಲ್ಲಿ ಗಡ್ಡೆ ಇದೆ ಎಂದರು. ಆಪರೇಷನ್ ಮಾಡಿದರೆ ಜೀವಕ್ಕೆ ತೊಂದರೆ ಇಲ್ಲ, ಆದರೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು. ದೊಡ್ಡಮ್ಮ ನಮ್ಮ ಮುಖ ನೋಡಿಯೇ ತಿಳಿದುಕೊಂಡರು. ಬರುವಾಗ ಕಾರಿನಲ್ಲಿ ಅವರು ಆಡಿದ್ದು ಒಂದೇ ಮಾತು. "ನಿನ್ ಮಗಳ್ ಮದ್ವೆ ಗಂಟ ತಡೀಬೋದಾ ಅಂತ ಕೇಳ್ಲಾ."

ತಡೆಯುವಂತಿರಲಿಲ್ಲ. ಶ್ರಾವಣಕ್ಕೆ ಆಪರೇಷನ್ ಎಂದು ಗೊತ್ತಾಯಿತು. ನಮ್ಮ ಕೈಯಲ್ಲಿದ್ದದ್ದು ಆಷಾಢ ಒಂದೇ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋಣ ಎಂದೆ. ಅವರು ಸುತರಾಂ ಒಪ್ಪಲಿಲ್ಲ. "ಒಡ್ದೋಗಿರೋ ಗಂಟ್ಲ ಇಡ್ಕಂಡು ಏನ್ಲಾ ಮಾಡ್ತೀಯ? ಅದೂ ಅಲ್ದೆ ಮೊಬೈಲ್ಗೆ ಮಾನ ಮರ್ವಾದೆ ಅದಾ? ಕಂಡೋರ್ ಮನೇಲೆಲ್ಲ ಯೋಳ್ಬುಡ್ತದೆ. ತಾಯಿ ಬದ್ಕಿರೋ ಮನೇಲಿ ತಬ್ಬಲಿ ಪದ ಎದ್ರೆ ಒಳ್ಳೇದಾ? ಪುಸ್ತಕ ಆದ್ರೆ ಬಾಯ್ಮುಚ್ಕಂಡು ಇರ್ತದೆ. ಬರ್ಕೊ."

ಬರೆದುಕೊ ಎಂದಿದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಇಂಥ ಸಂಕಟದಲ್ಲೂ ಖುಷಿಯಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಮೈಸೂರಿಗೆ ಹೋಗಿ ದಪ್ಪ ಹಾಳೆಯ, ಹೊಲಿದ ರಟ್ಟಿನ ನೋಟ್‌ಬುಕ್ ತಂದೆ. ಇಂಕಿನಂಗಡಿಯಲ್ಲಿ ಒಂದು ಗಂಟೆ ನಿಂತು ನವಿಲು ಬಣ್ಣದ ಇಂಕು ಆರಿಸಿದೆ. ಬರೆದಾಗ ನೀಲಿ, ಒಣಗಿದರೆ ಅಂಚಿನಲ್ಲಿ ಹಸಿರು. ಬಟ್ಟೆಗೆ ಬಿದ್ದರೂ ನೀರಲ್ಲಿ ತೊಳೆದರೆ ಹೋಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿತ್ತು. ಬಿಳಿ ಶರಟಿನವನಿಗೆ ಅನುಕೂಲವೇ ಆಯಿತು ಎಂದುಕೊಂಡೆ. ಅರ್ಧ ಗುಂಟೆ ಹಿತ್ತಲಿನ ಪತ್ರಕ್ಕೂ ಅಳಿಸದ ಕಪ್ಪು ಇಂಕೇ ಬೇಕು ಎಂದು ಮೂವತ್ತು ವರ್ಷ ಹಠ ಹಿಡಿದವನು ನಾನು. ದೊಡ್ಡಮ್ಮನ ಪದಕ್ಕೆ ಮಾತ್ರ ಅಂದ ನೋಡಿದೆ.

ನಾಲ್ಕು ಭಾನುವಾರ ಕ್ಯಾತನಹಳ್ಳಿಗೆ ಹೋದೆ. ಮನೆಯಲ್ಲಿ ದೊಡ್ಡಮ್ಮ, ಅವರ ಮಗ, ಅಂದರೆ ನನ್ನ ತಮ್ಮ, ಮತ್ತು ಅವನ ಹೆಂಡತಿ. ದೊಡ್ಡಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು, ನಾನು ಕಡಪಾ ಕಲ್ಲಿನ ಮೇಲೆ ಪುಸ್ತಕ ಇಟ್ಟುಕೊಳ್ಳುತ್ತಿದ್ದೆ. ಪೆನ್ನಿಗೆ ಇಂಕು ತುಂಬುವುದನ್ನು ಅವರು ಒಂದು ದಿನವೂ ಸುಮ್ಮನೆ ನೋಡಲಿಲ್ಲ.

"ಅದೇನ್ಲಾ, ಕೂಸಿಗೆ ಆಲು ಕುಡಿಸ್ದಂಗೆ ಕುಡಿಸ್ತಾ ಕುಂತಿದ್ದೀಯ? ಬಿರ್ನೆ ಬರಿ. ಆಸಾಡದಲ್ಲಿ ಸೋಬಾನೆ ಯೋಳ್ತಾವ್ಳೆ ಅಂತ ಬೀದೀಲಿ ನಗ್ತಾವ್ರೆ."

ಹೇಳಿದ್ದನ್ನು ನಾನು ಓದಿ ಒಪ್ಪಿಸಬೇಕಿತ್ತು. ತಪ್ಪಿದರೆ ಬೆರಳಿನ ಉಂಗುರದಿಂದ ಜಗಲಿಯ ಮೇಲೆ ಟಕ್ ಟಕ್ ಎಂದು ಎರಡು ಸಲ ಕುಟ್ಟುತ್ತಿದ್ದರು. ಸರಿಯಾಗಿದ್ದರೆ ಒಂದು ಚಪ್ಪಾಳೆ. ಪದ ಕಲಿಸುವಾಗ ಅವರದು ಮೊದಲಿನಿಂದಲೂ ಇದೇ ರೀತಿ. ಗಂಟಲಿಗೆ ದಣಿವಾಗಬಾರದೆಂದು ಈಗ ಅದನ್ನೇ ಪೂರ್ತಿ ನೆಚ್ಚಿಕೊಂಡಿದ್ದರು. ಟಕ್ ಟಕ್ ಧಾರಾಳವಾಗಿ ಸಿಗುತ್ತಿತ್ತು. ಚಪ್ಪಾಳೆಯಲ್ಲಿ ಮಾತ್ರ ಭಾರೀ ಜಿಪುಣಿ.

ತಬ್ಬಲಿ ಪದವನ್ನು ಕೊನೆಯ ಭಾನುವಾರಕ್ಕೆ ಉಳಿಸಿಕೊಂಡಿದ್ದೆವು. ಮನೆಯಲ್ಲಿ ಹೇಳುವಂತಿರಲಿಲ್ಲ. ತಮ್ಮನ ಹೆಂಡತಿಯ ತಾಯಿ ನಾಗಮಂಗಲದಲ್ಲಿ ಚೆನ್ನಾಗಿದ್ದಾರೆ. ಹಾಗಾಗಿ ದೊಡ್ಡಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನಾಲೆ ಏರಿಗೆ ಹೋದೆ. ನಾಲೆಯಲ್ಲಿ ನೀರು ಬಿಟ್ಟಿದ್ದರು. ಆಚೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಹೊಂಗೆ ಮರದ ಕೆಳಗೆ ಕೂತು, ತಲೆ ಮೇಲೆ ಸೆರಗು ಹೊದ್ದು, ನೀರಿನ ಕಡೆ ಮುಖ ಮಾಡಿ ಶುರು ಮಾಡಿದರು.

ಒಂದು ಸಾಲು ಬರೆಯುವಷ್ಟರಲ್ಲಿ ನನ್ನ ಪೆನ್ನಿನಲ್ಲಿ ಇಂಕು ಮುಗಿಯಿತು. ಬಾಟಲಿ ಮನೆಯಲ್ಲಿತ್ತು. ಹೋಗಿ ತರುತ್ತೇನೆ ಎಂದೆ. ದೊಡ್ಡಮ್ಮ ಕಣ್ಣು ಕೂಡ ತೆರೆಯದೆ ಬೇಡವೆಂದು ಕೈ ಆಡಿಸಿದರು. ಒಂದು ಸಲ ಎತ್ತಿದ ಮೇಲೆ ಆ ಪದವನ್ನು ನಡುವೆ ನಿಲ್ಲಿಸುವಂತಿಲ್ಲವಂತೆ. ಆಲೆಮನೆಯವನು ನೀರಿಗೆಂದು ಬಂದವನು ನನ್ನ ಪರದಾಟ ಕಂಡು ಜೇಬಿನಿಂದ ತನ್ನ ಪೆನ್ನು ಕಿತ್ತು ಕೊಟ್ಟ. "ತಗಳಿ ಸಾ, ಬರ್ಕಳಿ. ಆಮೇಕ್ ಕೊಡೀರಂತೆ." ಗೊಬ್ಬರದಂಗಡಿಯವರು ಪುಕ್ಕಟೆ ಹಂಚಿದ ಬಾಲ್ ಪೆನ್ನು, ಅವನ ಕೈಯ ಬೆಲ್ಲ ಮೆತ್ತಿ ಅಂಟಂಟಾಗಿತ್ತು. ವಿಧಿಯಿಲ್ಲದೆ ತೆಗೆದುಕೊಂಡು, ಮೊದಲಿನ ಸಾಲಿನಿಂದಲೇ ಬರೆದೆ.

ಪದದಲ್ಲಿ ಸತ್ತ ತಾಯಿ ತಾನಿರುವ ಕಡೆಯಿಂದ ಮಗಳಿಗೆ ಒಂದೊಂದೇ ಸಾಮಾನು ಕಳಿಸುತ್ತಾಳೆ. ಅರಿಶಿನ ಹೊಳೆಯ ಕೈಲಿ, ಹೂವು ಗಾಳಿಯ ಕೈಲಿ, ಕುಂಕುಮ ಹೊತ್ತು ಮುಳುಗುವಾಗ ಬಾನಿನ ಕೈಲಿ. ಕೊನೆಗೆ ತಾನೇ ಬರಬೇಕು ಎಂದು ಮಗಳು ಹಠ ಮಾಡಿದಾಗ, ನಿನಗೆ ಯಾರು ಉಣ್ಣಿಸಿದರೋ ಅವರ ಪಕ್ಕದಲ್ಲೇ ನಾನು ಕೂತಿದ್ದೇನೆ, ಹೋಗಿ ನಮಸ್ಕಾರ ಮಾಡು ಎನ್ನುತ್ತಾಳೆ. ಅಲ್ಲಿಗೆ ಪದ ಮುಗಿಯುತ್ತದೆ. ಆ ಒಡಕು ದನಿಯಲ್ಲೂ ಅದನ್ನು ಕೇಳಿದ್ದು ನನ್ನ ಪುಣ್ಯ. ದೊಡ್ಡ ದೊಡ್ಡ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೇನೆ, ಅಂಥ ಹಾಡು ಕೇಳಿಲ್ಲ.

ಆ ಎರಡು ಪುಟ ಮಾತ್ರ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಉಳಿದೆಲ್ಲ ನವಿಲು, ಇದೊಂದು ಕಾಗೆಯ ಹಾಗೆ. ಮದುವೆಯೊಳಗೆ ಅದನ್ನು ಹರಿದು ಒಳ್ಳೆಯ ಇಂಕಿನಲ್ಲಿ ತಿರುಗಿ ಬರೆಯುತ್ತೇನೆ ಎಂದೆ. "ಆಯ್ತು ಬುಡು, ಪುಸ್ತಕ ಅಲ್ಲಿಗಂಟ ನನ್ ತಾವ್ಲೇ ಇರ್ಲಿ" ಎಂದು ದೊಡ್ಡಮ್ಮ ಅದನ್ನು ಸೆರಗಿನೊಳಗೆ ಇಟ್ಟುಕೊಂಡರು. ಆಲೆಮನೆಯವನಿಗೆ ಪೆನ್ನು ವಾಪಸ್ಸು ಕೊಡುವುದು ಇಬ್ಬರಿಗೂ ಮರೆತುಹೋಯಿತು.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯಲ್ಲಿ ಉಸಿರಾಡಲು ಇಟ್ಟ ತೂತನ್ನು ಸೆರಗಿನಿಂದ ಮುಚ್ಚಿಕೊಂಡು, ಮೊದಲಿನ ಹಾಗೇ ಕೊಟ್ಟಿಗೆ, ಹಿತ್ತಲು ಎಂದು ಓಡಾಡತೊಡಗಿದರು. ದಸರಾ ಬಂತು. ವಿಜಯದಶಮಿಯ ದಿನ ಹಬ್ಬದ ಊಟಕ್ಕೆ ಕರೆದಿದ್ದರು. ಇವತ್ತೇ ಆ ಕಾಗೆ ಪುಟವನ್ನು ಸರಿಮಾಡಿಬಿಡೋಣ ಎಂದು ಪೆನ್ನಿಗೆ ಇಂಕು ತುಂಬಿಕೊಂಡೇ ಹೋದೆ.

ಪುಸ್ತಕ ನಡುಮನೆಯಲ್ಲಿ, ಆಯುಧಪೂಜೆಯ ಸಾಮಾನಿನ ಜೊತೆ ಇತ್ತು. ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಪಂಪು, ಅವುಗಳ ಪಕ್ಕದಲ್ಲಿ ಹಾರ ಹಾಕಿಸಿಕೊಂಡ ನನ್ನ ನೋಟ್‌ಬುಕ್ಕು. ಸಂತೋಷದಿಂದ ತೆರೆದೆ. ಮೊದಲ ಪುಟದಲ್ಲಿ ಅಕ್ಷರ ಇರಲಿಲ್ಲ. ನೀಲಿ, ಹಸಿರು, ಹಳದಿ ಸೇರಿದ ಒಂದು ಕೊಚ್ಚೆ ಇತ್ತು. ಎರಡನೇ ಪುಟವೂ ಹಾಗೇ, ಹತ್ತನೆಯದೂ ಹಾಗೇ. ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಅರಿಶಿನದ ವಾಸನೆ ಹೊಡೆಯುತ್ತಿತ್ತು.

ನನಗೆ ತಲೆ ಕೆಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ತಮ್ಮನ ಹೆಂಡತಿಗೆ ಬಾಯಿಗೆ ಬಂದಂತೆ ಅಂದೆ. ಪುಸ್ತಕಕ್ಕೂ ಟ್ರಾಕ್ಟರಿಗೂ ವ್ಯತ್ಯಾಸ ಗೊತ್ತಿಲ್ಲವೇ, ದನಿ ಹೋದ ಮೇಲೆ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ, ನನ್ನ ಮಗಳಿಗೆ ಏನು ಹೇಳಲಿ, ಹೀಗೆಲ್ಲ. ಅವಳು ತಲೆ ತಗ್ಗಿಸಿ, "ತಪ್ಪಾಯ್ತು ಬಾವ, ಗೊತ್ತಾಗ್ನಿಲ್ಲ" ಎಂದಳು. ನಾನು ಇನ್ನೂ ಕೂಗುತ್ತಿದ್ದೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಶರಟು ಜಗ್ಗಿದರು. ದೊಡ್ಡಮ್ಮ. ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದರು. ಬೆರಳುಗಳ ತುದಿ ಇನ್ನೂ ಹಳದಿಯಾಗಿತ್ತು.

ಪೂಜೆ ಮಾಡಿದ್ದು ಅವರೇ. ಕತ್ತಿಗೆ ಮಾಡುವ ಪೂಜೆ ಅಲಗಿಗೆ ಸಲ್ಲಬೇಕು, ಹಿಡಿಗಲ್ಲ. ಹಾಗೆಯೇ ಪುಸ್ತಕಕ್ಕೆ ಮಾಡುವ ಪೂಜೆ ರಟ್ಟಿಗಲ್ಲ, ಅಕ್ಷರಕ್ಕೆ ಸಲ್ಲಬೇಕು ಎಂದು ಅವರ ಲೆಕ್ಕವಂತೆ, ಅವರ ಸನ್ನೆ ಬಲ್ಲ ತಮ್ಮ ಬಿಡಿಸಿ ಹೇಳಿದ. ಒಂದೊಂದೇ ಪುಟ ಬಿಡಿಸಿ, ಒಂದೊಂದು ಪದಕ್ಕೂ ಅರಿಶಿನ ಕುಂಕುಮ ಇಟ್ಟು, ಮಾವಿನೆಲೆಯಲ್ಲಿ ಕಳಸದ ನೀರು ಚಿಮುಕಿಸಿದ್ದರು. ಆಮೇಲೆ, ಮಾರನೆಯ ದಿನದವರೆಗೆ ಆಯುಧ ಮುಟ್ಟಬಾರದೆಂಬ ನೇಮದಂತೆ, ಒದ್ದೆ ಪುಸ್ತಕವನ್ನು ಮುಚ್ಚಿ ಇಟ್ಟಿದ್ದರು. ಸೊಸೆಗೆ ಇದು ಗೊತ್ತಿತ್ತು. ಗೊತ್ತಿದ್ದೂ ಅತ್ತೆಯ ಮೇಲೆ ಮಾತು ಬರಬಾರದೆಂದು ಬೈಗುಳವನ್ನೆಲ್ಲ ತಾನೇ ಉಂಡಿದ್ದಳು.

ದೊಡ್ಡಮ್ಮ ಬಾಯಿ ತೆರೆದರು. ಏನೂ ಬರಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾಡಿದ್ದು ಭಕ್ತಿ. ನೀರು ಬಿದ್ದರೆ ಹೋಗುವ ಇಂಕು ಎಂದು ತಿಳಿದೂ ತಿಳಿದೂ ತಂದವನು ನಾನು. ತಮ್ಮನ ಹೆಂಡತಿಗೆ ಕೈ ಮುಗಿದೆ. "ಅಯ್ ಬುಡಿ ಬಾವ, ಊಟಕ್ ಕುಂತ್ಕಳಿ" ಎಂದು ಎಲೆ ಹಾಕಿದಳು. ಈ ಬರಹದಲ್ಲಾದರೂ ಅವಳ ಋಣವನ್ನು ಹೇಳಿಕೊಳ್ಳಬೇಕು. ನನ್ನ ಹದಿನಾರು ಪೆನ್ನುಗಳಿಗೂ ಬರೆಯಲು ಬಾರದಂಥ ದೊಡ್ಡತನ ಅದು.

ಎರಡು ತುತ್ತಿಗೇ ಎದ್ದೆ. ಕೈ ತೊಳೆದು ಮತ್ತೆ ಪುಸ್ತಕ ಹಿಡಿದು ಕೂತವನು ಕೊನೆಗೆ ಬಂದೆ. ಕೊನೆಯ ಎರಡು ಪುಟ ಹಳದಿಯಾಗಿದ್ದವು. ಹಳದಿಯ ಕೆಳಗೆ, ಒಂದು ಕೊಂಬೂ ಒಂದು ದೀರ್ಘವೂ ಅಲುಗದೆ, ಬಾಲ್ ಪೆನ್ನಿನ ಅಕ್ಷರಗಳು ಕೂತಿದ್ದವು. ತಬ್ಬಲಿ ಪದ ಪೂರ್ತಿ ಇತ್ತು. ನಾನು ಹರಿದು ಬಿಸಾಡಬೇಕೆಂದಿದ್ದ ಪುಟ! ಆಷಾಢದಲ್ಲೇ ಹಠ ಹಿಡಿದು ಪುಸ್ತಕ ತಂದು ತಿದ್ದಿ ಬರೆದಿದ್ದರೆ ಅದೂ ಹೋಗಿರುತ್ತಿತ್ತು. ಪುಟವನ್ನು ಕಣ್ಣಿಗೊತ್ತಿಕೊಂಡೆ, ಮೂಗಿಗೆ ಅರಿಶಿನ ಹತ್ತಿತು.

ಉಳಿದ ಪದಗಳು ಅಷ್ಟು ಕಷ್ಟವಾಗಲಿಲ್ಲ. ಇಷ್ಟು ವರ್ಷ ಸೊಲ್ಲು ಸೇರಿಸಿದ ಹೆಂಗಸರು ಊರಲ್ಲೇ ಇದ್ದರು. ಅವರನ್ನೆಲ್ಲ ಜಗಲಿಯ ಮೇಲೆ ಕೂರಿಸಿ, ಒಬ್ಬರಿಗೆ ತಿಳಿಯದ್ದನ್ನು ಇನ್ನೊಬ್ಬರಿಂದ ಹೇಳಿಸಿ ತಿರುಗಿ ಬರೆದೆ. ತಪ್ಪಿದಲ್ಲಿ ದೊಡ್ಡಮ್ಮನ ಉಂಗುರ ಟಕ್ ಟಕ್ ಎನ್ನುತ್ತಿತ್ತು. ಬೀಗರ ಮೀಸೆಯನ್ನು ಆಡಿಕೊಳ್ಳುವ ಪದ ಬಂದಾಗ ದನಿಯಿಲ್ಲದೆಯೂ ಹೊಟ್ಟೆ ಹಿಡಿದು ನಕ್ಕರು. ಈ ಸಲ ಬರೆದದ್ದು ಕಚೇರಿಯ ಕಪ್ಪು ಇಂಕಿನಲ್ಲಿ.

ತಬ್ಬಲಿ ಪದದ ತೊಡಕು ಬೇರೆಯೇ ಇತ್ತು. ಮಾತು ಹಾಳೆಯ ಮೇಲಿತ್ತು, ಧಾಟಿ ಎಲ್ಲಿತ್ತು? ಅಕ್ಕ ಅದನ್ನು ಕೇಳಿದ್ದು ತನ್ನ ಮದುವೆಯ ದಿನದ ಅಳುವಿನಲ್ಲಿ, ಧಾಟಿ ಅವಳಿಗೆ ನೆನಪಿರಲಿಲ್ಲ. ಅದನ್ನು ಕೇಳಿ ನೆನಪಿಟ್ಟುಕೊಂಡಿದ್ದವನು ನಾನೊಬ್ಬ. ಎತ್ತಿಕೊಡುವವರು ಮದುವೆಗೆ ಮೊದಲೇ ತಾಯಿ ಇಲ್ಲದವರಾಗಬೇಕು ಎಂಬ ಕಟ್ಟಳೆಗೂ ಆ ಮನೆಯಲ್ಲಿ ಅಕ್ಕನನ್ನು ಬಿಟ್ಟರೆ ಸರಿಹೋಗುವವನು ನಾನೊಬ್ಬನೇ. ದೊಡ್ಡಮ್ಮ ನನ್ನ ಎದೆಗೆ ಬೆರಳಿಟ್ಟು ತೋರಿಸಿದರು. ಗಂಡಸರು ಸೋಬಾನೆ ಹೇಳುವುದುಂಟೇ, ಅದೂ ನನ್ನ ಗಂಟಲಲ್ಲಿ, ಜನ ಊಟ ಬಿಟ್ಟು ಎದ್ದು ಹೋಗುತ್ತಾರೆ ಎಂದೆ. ಟಕ್ ಟಕ್. ಮಾತು ಮುಗಿಯಿತು.

ಮತ್ತೆ ನಾಲೆ ಏರಿಯ ಹೊಂಗೆ ಮರ. ಮತ್ತೆ ಭಾನುವಾರಗಳು. ಈಗ ನಾನು ಹಾಡುವವನು, ಅವರು ಕೇಳುವವರು. ಜಗಲಿ ಇಲ್ಲದ್ದರಿಂದ ಉಂಗುರ ನನ್ನ ಮಂಡಿಯ ಮೇಲೆ ಕುಟ್ಟುತ್ತಿತ್ತು. ದನಿ ಏರಬೇಕಾದಲ್ಲಿ ಅಂಗೈ ಎತ್ತುತ್ತಿದ್ದರು, ಎಳೆಯಬೇಕಾದಲ್ಲಿ ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದರು. ಆಲೆಮನೆಯವನು ದೂರದಿಂದಲೇ ನೋಡಿ ಸುಮ್ಮನೆ ಹೋಗುತ್ತಿದ್ದ. ಪೆನ್ನು ವಾಪಸ್ಸು ಕೊಡಲು ಹೋದರೆ, "ಮಡೀಕಳಿ ಸಾ, ಗೊಬ್ಬರ್ದಂಗ್ಡಿಯೋರು ಇನ್ನೊಂದ್ ಕೊಟ್ಟವ್ರೆ" ಎಂದ. ಮದುವೆಯ ಹೊತ್ತಿಗೆ ಮಂಡಿಯ ಮೇಲಿನ ಟಕ್ ಟಕ್ ನಿಂತಿತ್ತು. ಚಪ್ಪಾಳೆ ಮಾತ್ರ ಒಂದು ಸಲವೂ ಸಿಗಲಿಲ್ಲ. ಆ ಪದಕ್ಕೆ ಚಪ್ಪಾಳೆ ತಟ್ಟಬಾರದೇನೋ ಎಂದು ಸಮಾಧಾನ ಮಾಡಿಕೊಂಡೆ.

ಕೆ.ಆರ್. ಪೇಟೆಯ ಕಲ್ಯಾಣ ಮಂಟಪದಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಕೂರುವಾಗ ಮೈಕು ಆಫ್ ಮಾಡಿಸಿದೆ. ಕ್ಯಾತನಹಳ್ಳಿಯ ಹೆಂಗಸರು ಚಾಪೆಯ ಮೇಲೆ ಕೂತಿದ್ದರು, ನಡುವೆ ದೊಡ್ಡಮ್ಮ, ಅವರ ಹಿಂದೆ ಗೋಡೆಗೆ ಒರಗಿ ನಾನು. ಮೊದಲ ಸಾಲಿಗೆ ನನ್ನ ದನಿ ನಡುಗಿತು. ಕೆಲವರು ತಿರುಗಿ ನೋಡಿದರು, ಯಾರೋ ಕಿಸಕ್ಕೆಂದರು. ಹೆಂಗಸರು ಸೊಲ್ಲು ಸೇರಿಸಿದ ಮೇಲೆ ಹೆದರಿಕೆ ಹೋಯಿತು. ಅರಿಶಿನ ಬಂತು, ಹೂವು ಬಂತು, ಕುಂಕುಮ ಬಂತು. ನನ್ನ ಹೆಂಡತಿ ನಿಬ್ಬು ಒರೆಸಿಡುತ್ತಿದ್ದ ಕೈ ಕಣ್ಣಿಗೆ ಕಟ್ಟಿತು, ಆದರೂ ದನಿ ಒಡೆಯಲಿಲ್ಲ. ಕೊನೆಯ ಸಾಲಿಗೆ ಮಗಳು ತಾನಾಗಿಯೇ ಎದ್ದು ಬಂದು ದೊಡ್ಡಮ್ಮನ ಕಾಲಿಗೆ ಬಿದ್ದಳು.

ಮುಗಿದ ಮೇಲೆ ಗಂಡಿನ ಅಜ್ಜಿ, ಪದದ ಕಟ್ಟಳೆ ಬಲ್ಲವರು, ನನ್ನ ಕೈ ಹಿಡಿದುಕೊಂಡು ಕೇಳಿದರು. "ನಿಂಗೂ ಚಿಕ್ಕಂದ್ರಲ್ಲೇ ತಾಯಿ ಇಲ್ವೇನಪ್ಪ?"

ಇಲ್ಲ ಎನ್ನಲು ಬಾಯಿ ತೆರೆದೆ. ಅದೇ ಕಟ್ಟಳೆ, ಅದೇ ನಿಜ. ಆದರೆ ದೊಡ್ಡಮ್ಮ ಎದುರಿಗೇ ಕೂತಿದ್ದರು.

"ಅವ್ರೆ ಕಣಜ್ಜಿ," ಎಂದೆ. "ಅಗೋ, ಅಲ್ ಕುಂತವ್ರೆ."

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು. ಕುತ್ತಿಗೆಯ ಸೆರಗು ಸರಿಮಾಡಿಕೊಂಡರು. ಆಮೇಲೆ ಎರಡೂ ಕೈ ಎತ್ತಿ ಒಂದು ಸಲ ಚಪ್ಪಾಳೆ ತಟ್ಟಿದರು.